ಹೊಳೆಪದದ ಕೊನೆಯ ನುಡಿ

ಹೊಳೆ ಯಾವುದು ಅಂತ ಕೇಳಬೇಡಿ. ಹಿಂದೊಮ್ಮೆ ಹೇಳುವಾಗ ಶಿಂಷಾ ಅಂದಿದ್ದೆ, ಅದಕ್ಕೂ ಹಿಂದೆ ಅರ್ಕಾವತಿ ಅಂದಿದ್ದೆ. ಹೊಳೆಯಲ್ಲಿ ನೀರಿತ್ತು, ದಂಡೆಯ ಮೇಲೊಂದು ಆಶ್ರಮವಿತ್ತು. ಅಷ್ಟಕ್ಕೆ ಮಾತ್ರ ನಾನು ಜವಾಬ್ದಾರ.

ಆಶ್ರಮದ ಗುರುಗಳ ಹೆಸರು ಮರುಳಯ್ಯ. ಶಿಷ್ಯರು ಅಯ್ಯನವರು ಅನ್ನುತ್ತಿದ್ದರು.

ಅಲ್ಲೊಂದು ಪದ್ಧತಿ. ರಾತ್ರಿಯ ಊಟವಾಗಿ ದೀಪ ಸಣ್ಣ ಮಾಡಿದ ಮೇಲೆ ಶಿಷ್ಯರೆಲ್ಲ ಜಗಲಿಯ ಮೇಲೆ ಚಾಪೆ ಹಾಸಿ ಮಲಗುವರು. ಅಯ್ಯನವರು ಕಂಬಕ್ಕೆ ಒರಗಿ ಕೂತು ಒಂದು ಪದ ಹಾಡುವರು.

ಹೊಳೆಯೇ ಹೊಳೆಯೇ, ಮೆಲ್ಲಗೆ ಹರಿಯೇ,
ಮಲಗಿದ ಮೀನನು ಎಬ್ಬಿಸಬೇಡ.

ಅವರ ಗುರುಗಳು ಅವರಿಗೆ ಹಾಡುತ್ತಿದ್ದ ಪದ ಅದು. ಪದದ ಜೊತೆಗೆ ಒಂದು ಆಣತಿಯನ್ನೂ ಕೊಟ್ಟು ಹೋಗಿದ್ದರು. ಕೊನೆಯ ಶಿಷ್ಯ ನಿದ್ದೆ ಹೋಗುವ ತನಕ ಪದ ನಿಲ್ಲಿಸಬಾರದು. ಆಮೇಲಷ್ಟೇ ಗುರು ಮಲಗಬೇಕು.

ಆದ್ದರಿಂದ ಅಯ್ಯನವರು ನಡುನಡುವೆ ಎದ್ದು, ಒಬ್ಬೊಬ್ಬರ ಕಾಲ ಹೆಬ್ಬೆರಳನ್ನೂ ಮೆಲ್ಲಗೆ ಮುಟ್ಟಿ ನೋಡುವರು. ಬೆರಳು ಸಡಿಲವಾಗಿದ್ದರೆ ನಿದ್ದೆ. ಬಿಗಿಯಾಗಿದ್ದರೆ ಮತ್ತೆ ಬಂದು ಕಂಬಕ್ಕೆ ಒರಗುವರು.

ಹೊಸಬರಿಗೆ ಇದನ್ನು ಯಾರಾದರೂ ಹೇಳಬೇಕಿತ್ತು. ಹೇಳಬೇಕಾದವರೆಲ್ಲ ಅಷ್ಟು ಹೊತ್ತಿಗೆ ಗೊರಕೆ ಹೊಡೆಯುತ್ತಿದ್ದರು.

ಹೀಗಿರುವಾಗ ದ್ಯಾವಣ್ಣ ಬಂದ.

ಗರಡಿಮನೆಯಲ್ಲಿ ಬೆಳೆದವನು. ಹೋರಿಯಂಥ ಕತ್ತು, ತೊಲೆಯಂಥ ತೋಳು. ಗೆದ್ದು ಗೆದ್ದು ಬೇಜಾರಾಗಿ ಕುಸ್ತಿ ಬಿಟ್ಟೆ ಅಂತ ಹೇಳಿಕೊಳ್ಳುತ್ತಿದ್ದ. ಸೋತು ಸೋತು ಅಂತ ನಾನು ಕೇಳಿದ್ದೇನೆ.

ಮೊದಲ ದಿನ ಹಿರಿಯ ಶಿಷ್ಯ ಗುಂಡಯ್ಯನನ್ನು ಹಿಡಿದುಕೊಂಡ.

"ಇಲ್ಲಿ ಕಲಿಯೋಕೆ ಏನೇನಿದೆ ಗುಂಡಣ್ಣ?"

"ಬೆಳಿಗ್ಗೆ ಪಾಠ. ಮಧ್ಯಾಹ್ನ ತೋಟ. ರಾತ್ರಿ ಪದ."

"ಇದರಲ್ಲಿ ದೊಡ್ಡದು ಯಾವುದು?"

ಗುಂಡಯ್ಯ ಆಕಳಿಸಿದ. "ಪದವೇ ಅನ್ನು. ಅದರ ಕೊನೆ ನುಡಿ ಇಲ್ಲಿ ಇದುವರೆಗೆ ಯಾರೂ ಕೇಳಿಲ್ಲ."

"ಯಾಕೆ?"

"ಅಲ್ಲೀತನಕ ತಡೆದುಕೊಂಡವರಿಲ್ಲ ಕಣಪ್ಪ."

ಅಷ್ಟು ಹೇಳಿ ಗುಂಡಯ್ಯ ಮಗ್ಗುಲಾದ. ದ್ಯಾವಣ್ಣನಿಗೆ ಅಖಾಡದ ಆಚೆಯಿಂದ ಯಾರೋ ತೊಡೆ ತಟ್ಟಿ ಕರೆದಂತಾಯಿತು.

ಆ ಕೊನೆಯ ನುಡಿ ನನಗೆ ಬೇಕು ಅಂದುಕೊಂಡ. ಬಂದದ್ದೇ ಅದಕ್ಕೆ ಅಂತಲೂ ಅಂದುಕೊಂಡ.

ಆ ರಾತ್ರಿ ಎರಡನೆಯ ನುಡಿಗೇ ನಿದ್ದೆ ಹೋದ. ಮೀನು ಎತ್ತ ಹೋಯಿತೋ ಗೊತ್ತಾಗಲಿಲ್ಲ.

ಬೆಳಿಗ್ಗೆ ಮುಖ ಸಣ್ಣ ಮಾಡಿಕೊಂಡು ಅಡುಗೆಮನೆಗೆ ಬಂದ. ಅಲ್ಲಿ ಅಡುಗೆಯ ಸಾತಮ್ಮ ಒಲೆ ಊದುತ್ತಿದ್ದಳು.

"ಸಾತಮ್ಮನೋರೇ, ನಿದ್ದೆ ಬರದ ಹಾಗೆ ಏನಾದರೂ ಕೊಡ್ತೀರಾ?"

"ಯಾಕಪ್ಪ ಪೈಲ್ವಾನ, ಕಳ್ಳತನಕ್ಕೆ ಹೊರಟಿದ್ದೀಯಾ?"

"ಇಲ್ಲ, ಜ್ಞಾನಕ್ಕೆ."

"ಅಷ್ಟೇನಾ? ಅದಕ್ಕೆ ಕಾಫಿ ಸಾಕು."

ಬೆಲ್ಲ ಹಾಕಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಇದ್ದಿಲಿನ ಬಣ್ಣದ ಕಾಫಿ ಮಾಡಿಟ್ಟಳು. ಹಾಲನ್ನು ದೂರದಿಂದ ತೋರಿಸಿದಳೋ ಏನೋ.

"ಅಯ್ಯನವರಿಗೆ ಹೇಳಬೇಡಿ ಮತ್ತೆ."

"ಹೇಳದೆ ಇದ್ದರೆ ನನಗೇನು?"

"ದಿನಾ ಸೌದೆ ಒಡೆದುಕೊಡ್ತೀನಿ."

"ನನಗೆ ಬಾಯೇ ಇಲ್ಲ ಅಂದುಕೋ," ಅಂದಳು ಸಾತಮ್ಮ. ಇಡೀ ಆಶ್ರಮದಲ್ಲಿ ಅಷ್ಟು ದೊಡ್ಡ ಬಾಯಿ ಇನ್ನೊಂದಿರಲಿಲ್ಲ.

ಅವತ್ತಿನಿಂದ ದೀಪ ಹಚ್ಚುವ ಹೊತ್ತಿಗೆ ಒಂದು ಲೋಟ, ಊಟವಾದ ಮೇಲೆ ಇನ್ನೊಂದು ಲೋಟ.

ಕಾಫಿ ಅವನನ್ನು ಪದದ ಅರ್ಧದವರೆಗೆ ದಾಟಿಸಿತು. ಅಲ್ಲಿಂದಾಚೆಗೆ ಮತ್ತೆ ರೆಪ್ಪೆ ಭಾರ.

ಆಗ ಅವನಿಗೆ ಗರಡಿಯ ನೆನಪಾಯಿತು. ಗರಡಿಯಲ್ಲಿ ಸಾಮು ಮಾಡುವುದು ಬೆಳಗಿನ ಹೊತ್ತು. ಕತ್ತಲಾದ ಮೇಲೆ ಬಸ್ಕಿ ಹೊಡೆಯಬೇಡ, ಕಾದ ಮೈ ಬೇಗ ಆರುವುದಿಲ್ಲ, ನಿದ್ದೆ ಹತ್ತಿರ ಬರುವುದಿಲ್ಲ ಅಂತ ಅಲ್ಲಿನ ಉಸ್ತಾದರು ಕಿವಿ ಹಿಂಡಿ ಹೇಳಿದ್ದರು.

ದ್ಯಾವಣ್ಣ ಆ ಬುದ್ಧಿವಾದವನ್ನು ಅಕ್ಷರ ಬಿಡದೆ ನೆನಪಿಟ್ಟುಕೊಂಡಿದ್ದ. ಹಾಗಾಗಿಯೇ ಮಲಗುವ ಮುಂಚೆ ದನದ ಕೊಟ್ಟಿಗೆಯ ಹಿಂದೆ ಹೋಗಿ, ಬೆವರು ಕಿತ್ತುಬರುವ ಹಾಗೆ ದಂಡ ಹೊಡೆದ, ಬಸ್ಕಿ ಹೊಡೆದ. ಹಸುಗಳು ಮೆಲುಕು ನಿಲ್ಲಿಸಿ ನೋಡಿದವು.

ಆಮೇಲೆ ಚಾಪೆಯ ಮೇಲೆ ಬಿದ್ದುಕೊಂಡ. ಎದೆ ಡೋಲಿನ ಹಾಗೆ ಬಡಿಯುತ್ತಿತ್ತು. ಕಣ್ಣು ಮುಚ್ಚು ಅಂದರೂ ಮುಚ್ಚದು.

ಅಯ್ಯನವರು ಹಾಡಿದರು. ಗುಂಡಯ್ಯ ಮಲಗಿದ. ಉಳಿದವರೂ ಮಲಗಿದರು. ಅಯ್ಯನವರು ಎದ್ದು ಬಂದು ಎಲ್ಲರ ಹೆಬ್ಬೆರಳು ಮುಟ್ಟಿದರು. ದ್ಯಾವಣ್ಣನದು ಮೊಳೆಯಂತೆ ನೆಟ್ಟಗಿತ್ತು.

ಮತ್ತೆ ಕಂಬಕ್ಕೆ ಒರಗಿದರು. ಮತ್ತೆ ಹಾಡಿದರು. ಮತ್ತೆ ಬಂದು ಅವನದೊಂದನ್ನೇ ಮುಟ್ಟಿದರು.

ಎಲ್ಲರಿಗೂ ಒಂದು ಸಲ ಆಶೀರ್ವಾದ, ನನಗೆ ಮಾತ್ರ ಎರಡೆರಡು ಸಲ ಅಂತ ದ್ಯಾವಣ್ಣನ ಕಣ್ಣು ಒದ್ದೆಯಾಯಿತು.

ದಿನ ಕಳೆದ ಹಾಗೆ ಅಯ್ಯನವರ ಬಳಿ ನುಡಿಗಳು ತೀರಿದವು. ಹಾಡಿದ್ದನ್ನೇ ಹಾಡಿದರೆ ಈ ಹುಡುಗನಿಗೆ ನಿದ್ದೆ ಹತ್ತದು ಅನ್ನಿಸಿತೇನೋ. ಕೈಗೆ ಸಿಕ್ಕಿದ್ದನ್ನು ಸೇರಿಸತೊಡಗಿದರು.

ಹಿತ್ತಲ ಬದನೆ ಬಾಗಿದೆ ನೋಡೆ,
ಸಾರಿಗೆ ಸಾತಮ್ಮ ಉಪ್ಪನು ಮರೆತಳು.

ದ್ಯಾವಣ್ಣನಿಗೆ ಮೈ ಜುಮ್ಮೆಂದಿತು. ಇದನ್ನು ಇದುವರೆಗೆ ಯಾರೂ ಕೇಳಿಲ್ಲ!

ಬೆಳಿಗ್ಗೆ ಗುಂಡಯ್ಯ ಹಲ್ಲುಜ್ಜುತ್ತಿದ್ದಲ್ಲಿಗೆ ಓಡಿದ.

"ಬದನೆಕಾಯಿ ಅಂದರೆ ಏನಂತ ತಿಳಿದಿದ್ದೀಯ ಗುಂಡಣ್ಣ?"

"ಬದನೆಕಾಯಿ."

"ಅಲ್ಲ! ಅದು ಜೀವ. ಬಾಗಿದೆ ಅಂದರೆ ಅಹಂಕಾರ ಇಳಿದಿದೆ ಅಂತ. ಇನ್ನು ಉಪ್ಪು ಇದೆಯಲ್ಲ, ಉಪ್ಪು..."

"ನಿನ್ನೆ ಸಾರಲ್ಲಿ ನಿಜವಾಗಲೂ ಉಪ್ಪಿರಲಿಲ್ಲ ಕಣೋ," ಅಂದ ಗುಂಡಯ್ಯ. "ಮಜ್ಜಿಗೆ ಹಾಕಿಕೊಂಡು ಉಂಡೆ."

ನಿದ್ದೆಬಡುಕರಿಗೆ ಇದೆಲ್ಲ ಎಲ್ಲಿಂದ ಹತ್ತಬೇಕು ಅಂತ ದ್ಯಾವಣ್ಣ ಮರುಗಿದ.

ಅತ್ತ ಅಯ್ಯನವರು ಬಾವಿಕಟ್ಟೆಯ ಮೇಲೆ ಕೂತು, ನೀರು ಸೇದುತ್ತಿದ್ದ ಸಾತಮ್ಮನಿಗೆ ಹೇಳುತ್ತಿದ್ದರು.

"ಆ ಪೈಲ್ವಾನ ಹುಡುಗನಿಗೆ ಒಳಗೆ ಏನೋ ದೊಡ್ಡ ನೋವಿದೆ ಸಾತಮ್ಮ. ಪಾಪ, ನಿದ್ದೆಯೇ ಹತ್ತಲ್ಲ ಅವನಿಗೆ."

ಸಾತಮ್ಮನ ಕೈಯಲ್ಲಿ ಹಗ್ಗ ನಿಂತಿತು. ಆಚೆ ಗೋಡೆಗೆ ಒರಗಿಸಿದ್ದ ಸೌದೆಯ ರಾಶಿಯನ್ನು ನೋಡಿದಳು. ಅಷ್ಟು ಅಚ್ಚುಕಟ್ಟಾದ ಸೌದೆಯನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

"ಏನು ನೋವು ಅಂತ ಅವನನ್ನೇ ಕೇಳಿಬಿಡಿ ಸ್ವಾಮಿ."

"ಕೇಳಬಾರದು. ಅವನಾಗಿ ಹೇಳಬೇಕು. ಅಲ್ಲೀತನಕ ಹಾಡ್ತಾ ಇರಬೇಕು, ಅಷ್ಟೆ."

ಸಾತಮ್ಮ ಹಗ್ಗ ಎಳೆದಳು. ಕೊಡದ ಜೊತೆ ಮಾತೂ ಮೇಲೆ ಬಂದಿತ್ತು. ನುಂಗಿಕೊಂಡಳು.

ಬೆಳಗಿನ ಪಾಠದಲ್ಲಿ ಅಯ್ಯನವರು ತೂಕಡಿಸತೊಡಗಿದರು. ಮಾತಿನ ಮಧ್ಯೆ ತಲೆ ಎದೆಗೆ ಬೀಳುತ್ತಿತ್ತು. ಶಿಷ್ಯರು ಸಮಾಧಿ ಅಂದುಕೊಂಡು ಕೈ ಮುಗಿದು ಕೂತರು. ಒಮ್ಮೆ ಸಮಾಧಿಯೊಳಗಿಂದ ಗೊರಕೆಯೂ ಕೇಳಿತು. ಅದನ್ನು ಓಂಕಾರ ಅಂತ ನಿಶ್ಚಯಿಸಿದರು.

ಪಾಠ ಅರ್ಧಕ್ಕೇ ನಿಲ್ಲುವುದು ಅಯ್ಯನವರ ಮನಸ್ಸಿಗೆ ಕಷ್ಟವಾಯಿತು.

"ಸಾತಮ್ಮ, ನನಗೂ ಒಂದು ಲೋಟ ಕಾಫಿ ಮಾಡಮ್ಮ. ಮಕ್ಕಳ ಪಾಠ ಹಾಳಾಗ್ತಿದೆ."

ಬೆಳಿಗ್ಗೆ ಒಂದು ಲೋಟದಿಂದ ಶುರುವಾದದ್ದು ಸಂಜೆಗೂ ಒಂದಾಯಿತು. ಅಂದಿನಿಂದ ದ್ಯಾವಣ್ಣ ಸುಸ್ತಾಗಿ ಕಣ್ಣು ಮುಚ್ಚಿದ ಮೇಲೂ ಅಯ್ಯನವರ ಕಣ್ಣು ಮುಚ್ಚಲಿಲ್ಲ. ಒಂದೇ ಪಾತ್ರೆಯ ಕಾಫಿ ಕುಡಿದು ಗುರು ಶಿಷ್ಯ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ಉಳಿದರು. ಇಬ್ಬರಿಗೂ ಅದು ಗೊತ್ತಿರಲಿಲ್ಲ.

ಒಂದು ದಿನ ಬದನೆಪಾತಿಗೆ ಮಣ್ಣು ಕೊಡುವಾಗ ದ್ಯಾವಣ್ಣ ಕೇಳಿಯೇಬಿಟ್ಟ.

"ಅಯ್ಯನವರೇ, ಆ ಪದ ಯಾವಾಗ ಮುಗಿಯುತ್ತೆ?"

ಅಯ್ಯನವರು ಅವನ ಮುಖವನ್ನೇ ನೋಡಿದರು. ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಇಬ್ಬರಿಗೂ.

"ನೀನು ಹಿಡಿದುಕೊಂಡಿರೋದನ್ನು ಬಿಟ್ಟಾಗ, ಮಗು."

ದ್ಯಾವಣ್ಣ ಯೋಚಿಸಿ ಯೋಚಿಸಿ ರಾತ್ರಿಯ ಮುದ್ದೆ ಬಿಟ್ಟ. ಬರಿ ಹೊಟ್ಟೆಗೆ ಕಾಫಿ ಇನ್ನೂ ಚೆನ್ನಾಗಿ ಹತ್ತಿತು.

ಬೇಸಿಗೆ ಹೋಗಿ ಮಳೆಗಾಲ ಬಂತು. ಅಯ್ಯನವರ ದನಿ ಮೊದಲು ಗೊಗ್ಗರಾಯಿತು. ಆಮೇಲೆ ನುಡಿಯ ಕೊನೆಯಲ್ಲಿ ಒಡೆಯತೊಡಗಿತು. ಆಮೇಲೆ ಬರಿಯ ಉಸಿರಾಯಿತು.

ದ್ಯಾವಣ್ಣ ಚಾಪೆಯನ್ನು ಕಂಬದ ಹತ್ತಿರಕ್ಕೆ ಎಳೆದುಕೊಂಡ.

"ಪದ ಸೂಕ್ಷ್ಮವಾಗ್ತಿದೆ ಸಾತಮ್ಮನೋರೇ," ಅಂದ ಕಾಫಿಗೆ ಕೈ ಚಾಚುತ್ತ. "ಕೊನೆ ನುಡಿ ಹತ್ತಿರ ಬಂತು ಅಂತ ಕಾಣುತ್ತೆ."

ಸಾತಮ್ಮ ಪಾತ್ರೆಯನ್ನು ದಡ್ಡನೆ ಕೆಳಗಿಟ್ಟಳು.

"ಸೂಕ್ಷ್ಮವಾಗ್ತಿರೋದು ಪದ ಅಲ್ಲ. ಅವರ ಗಂಟಲು!"

"ಅಂದರೆ?"

"ನೀನು ಮಲಗೋತನಕ ಅವರು ಹಾಡು ನಿಲ್ಲಿಸೋ ಹಾಗಿಲ್ಲ ಕಣೋ ಮಾರಾಯ. ಅವರ ಗುರುಗಳ ಅಪ್ಪಣೆ. ಅದು ನಮ್ಮನ್ನು ಮಲಗಿಸೋ ಪದ. ನೀನು ಕಣ್ಣು ಬಿಟ್ಟುಕೊಂಡು ಬಿದ್ದಿರ್ತೀಯ, ಅವರು ಹಾಡ್ತಾನೇ ಇರ್ತಾರೆ."

ದ್ಯಾವಣ್ಣನ ಕೈ ಚಾಚಿದ್ದು ಚಾಚಿದಂತೆಯೇ ಉಳಿಯಿತು.

"ನನ್ನ ಕಾಲು ಮುಟ್ತಿದ್ದದ್ದು..."

"ನಿದ್ದೆ ಬಂತಾ ಅಂತ ನೋಡೋಕೆ. ನಿನಗೇನೋ ದುಃಖ ಇದೆ ಅಂತ ಅವರು ಕೊರಗ್ತಾರೆ. ಬಾವಿಕಟ್ಟೆ ಮೇಲೆ ಕೂತು ನನ್ನ ಹತ್ತಿರ ಹೇಳಿಕೊಂಡರು."

"ನೀವು ಒಂದು ಮಾತು ಹೇಳಬಾರದಿತ್ತಾ?"

ಸಾತಮ್ಮ ಒಲೆಯ ಕಡೆ ತಿರುಗಿದಳು. "ಸೌದೆ ಒಡೆದುಕೊಡ್ತಿದ್ದೆಯಲ್ಲಪ್ಪ," ಅಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಹೊಗೆಯೇನೂ ಇರಲಿಲ್ಲ. ಅವನು ಒಡೆದ ಸೌದೆ ಚೆನ್ನಾಗಿ ಉರಿಯುತ್ತಿತ್ತು.

ದ್ಯಾವಣ್ಣ ಪಾತ್ರೆಯನ್ನು ಎತ್ತಿಕೊಂಡು ಹೋಗಿ ಬದನೆಗಿಡದ ಬುಡಕ್ಕೆ ಸುರಿದ. ಆ ರಾತ್ರಿ ಬದನೆಗಿಡ ಕಣ್ಣು ಮುಚ್ಚಲಿಲ್ಲ ಅನ್ನುವವರಿದ್ದಾರೆ. ನಾನೇ ಅನ್ನುವವನು.

ಅವತ್ತು ಕಾಫಿ ಇಲ್ಲ, ಬಸ್ಕಿ ಇಲ್ಲ. ಮುದ್ದೆ ಉಂಡು ಎಲ್ಲರಿಗಿಂತ ಮೊದಲು ಮಲಗಿದ.

ನಿದ್ದೆ ಬರಲಿಲ್ಲ.

ತಲೆ ಸಿಡಿಯಿತು. ಅದಕ್ಕಿಂತ ಹೆಚ್ಚಾಗಿ ಕಂಬದ ಬುಡದಿಂದ ಬರುತ್ತಿದ್ದ ಆ ಒಡಕು ಉಸಿರು ಅವನನ್ನು ಚುಚ್ಚಿತು. ಮಲಗಬೇಕು, ಬೇಗ ಮಲಗಬೇಕು ಅಂತ ಹಲ್ಲು ಕಚ್ಚಿ ಮಲಗಿದ. ಹಾಗೆ ಹಲ್ಲು ಕಚ್ಚಿದವನ ಹತ್ತಿರ ನಿದ್ದೆ ಸುಳಿಯುತ್ತದೆಯೇ?

ಕೊನೆಗೆ ಕಣ್ಣು ಮುಚ್ಚಿ ಗುಂಡಯ್ಯನ ಹಾಗೆಯೇ ಗೊರಕೆ ಹೊಡೆದ. ಗುಂಡಯ್ಯನೇ ಮೋಸಹೋಗುವಂಥ ಗೊರಕೆ.

ಅಯ್ಯನವರು ಎದ್ದು ಬಂದರು. ಹೆಬ್ಬೆರಳು ಮುಟ್ಟಿದರು.

ಮತ್ತೆ ಹೋಗಿ ಕಂಬಕ್ಕೆ ಒರಗಿದರು.

ದ್ಯಾವಣ್ಣನಿಗೆ ಮಾತೊಂದೂ ಬಿಡಿಸಿ ಕೇಳಿಸಲಿಲ್ಲ. ಆದರೆ ಯಾವ ನುಡಿ ನಡೆಯುತ್ತಿದೆ ಅಂತ ಗೊತ್ತಿತ್ತು. ಮಲಗಿದ ಮೀನನು ಎಬ್ಬಿಸಬೇಡ. ಮುಚ್ಚಿದ ಕಣ್ಣಿನಿಂದ ನೀರು ಇಳಿದು ಕಿವಿಗೆ ಹೋಯಿತು.

ಹೀಗೆಯೇ ಕೆಲವು ದಿನ. ಮುಖ ಎತ್ತಿ ಅಯ್ಯನವರನ್ನು ನೋಡಲಾರ, ಹತ್ತಿರ ಹೋಗಿ ಹೇಳಲಾರ. ಬೆಳಕು ಹರಿಯುವಾಗ ಹೊಳೆದಂಡೆಗೆ ಹೋಗಿ ಸಾಮು ಮಾಡುವನು. ಮಧ್ಯಾಹ್ನವೆಲ್ಲ ತೋಟ ಅಗೆಯುವನು. ಸಾತಮ್ಮ ತಾನಾಗಿ ಮಜ್ಜಿಗೆ ಕೊಡುವಳು. ಇಬ್ಬರೂ ಮಾತಾಡರು.

ನಿಧಾನವಾಗಿ ತಲೆನೋವು ಬಿಟ್ಟಿತು. ಕೈಕಾಲಿಗೆ ಹಗಲಿನ ದಣಿವು ಬಂತು.

ಒಂದು ರಾತ್ರಿ ಮಳೆ ನಿಂತು ತಣ್ಣನೆ ಗಾಳಿ ಬೀಸುತ್ತಿತ್ತು. ದ್ಯಾವಣ್ಣ ಮಲಗಬೇಕು ಅಂದುಕೊಳ್ಳುವುದನ್ನು ಮರೆತ. ಮಲಗಿಬಿಟ್ಟ.

ಎಚ್ಚರವಾದಾಗ ಬಿಸಿಲು ಜಗಲಿ ಹತ್ತಿತ್ತು.

ಕಾಲ ಬಳಿ ಏನೋ ಭಾರ. ತಲೆ ಎತ್ತಿ ನೋಡಿದ. ಅಯ್ಯನವರು ಬರಿ ನೆಲದ ಮೇಲೆ ಮುದುರಿ ಮಲಗಿದ್ದರು. ಅವರ ಕೈ ಅವನ ಹೆಬ್ಬೆರಳ ಮೇಲಿತ್ತು. ನಿದ್ದೆ ಬಂತಾ ಅಂತ ನೋಡಲು ಬಂದವರು, ಬಂದಲ್ಲಿಯೇ ಬಿದ್ದುಹೋಗಿದ್ದರು.

ಅವನು ಕಾಲು ಅಲುಗಿಸದೆ ಹಾಗೇ ಇದ್ದ. ಗುಂಡಯ್ಯ ಪಾಠಕ್ಕೆ ಬಂದು ಇಣುಕಿ, ತುಟಿಯ ಮೇಲೆ ಬೆರಳಿಟ್ಟುಕೊಂಡು ವಾಪಸ್ಸು ಹೋದ. ಅವತ್ತು ಯಾರೂ ಸಮಾಧಿ ಅನ್ನಲಿಲ್ಲ.

ಅಯ್ಯನವರು ಎದ್ದು ಹೊಳೆಗೆ ಮುಖ ತೊಳೆಯಲು ಹೋದಾಗ ದ್ಯಾವಣ್ಣ ಹಿಂದೆಯೇ ಹೋಗಿ ನೀರಿನಲ್ಲಿ ನಿಂತ.

"ಅಯ್ಯನವರೇ, ನನಗೆ ಯಾವ ದುಃಖವೂ ಇರಲಿಲ್ಲ."

ಅಯ್ಯನವರು ತಿರುಗಿದರು.

"ಕಾಫಿ ಕುಡಿದಿದ್ದೆ."

"ಕಾಫಿ?" ದನಿ ಹೊರಡಲಿಲ್ಲ. ತುಟಿ ಮಾತ್ರ ಆಡಿತು.

"ದಂಡ ಬಸ್ಕಿಯೂ ಹೊಡೀತಿದ್ದೆ. ಮಲಗೋ ಹೊತ್ತಲ್ಲಿ. ಪದದ ಕೊನೆ ನುಡಿ ಕೇಳಬೇಕು ಅಂತ."

"ಅಷ್ಟೇನಾ?"

"ಅಷ್ಟೇ."

"ಬೇರೆ ಯಾವ ನೋವೂ ಇಲ್ಲ?"

"ಇಲ್ಲ ಅಯ್ಯನವರೇ."

ಅಯ್ಯನವರು ಎದೆಯ ಮೇಲೆ ಕೈ ಇಟ್ಟುಕೊಂಡರು. "ಸದ್ಯ," ಅಂದರು. "ಬದುಕಿದೆ."

ಬೈದಿದ್ದರೆ ದ್ಯಾವಣ್ಣ ತಡೆದುಕೊಳ್ಳುತ್ತಿದ್ದ. ಎತ್ತಿ ಒಗೆದಿದ್ದರೂ ತಡೆದುಕೊಳ್ಳುತ್ತಿದ್ದ, ಅದು ಅಭ್ಯಾಸವಿತ್ತು. ಈ ಮಾತಿಗೆ ನೀರಿನಲ್ಲೇ ಕೂತುಬಿಟ್ಟ.

"ಈಗ ಇದೆ," ಅಂದ. "ಈಗ ಇದೆ ಅಯ್ಯನವರೇ, ದುಃಖ."

ಅಯ್ಯನವರು ಅವನ ಒದ್ದೆ ತಲೆಯ ಮೇಲೆ ಕೈ ಇಟ್ಟರು.

"ನಿಮ್ಮ ದನಿ ಮತ್ತೆ ಬರುತ್ತಾ?"

ಅವರು ಬೊಗಸೆಯಲ್ಲಿ ನೀರು ತೆಗೆದುಕೊಂಡು ಕುಡಿದರು. ಹಾಡಲು ಬಾಯಿ ತೆರೆದರು. ಹೊಳೆಯೇ ಅನ್ನುವ ಮೊದಲ ಮಾತಿಗೆ ಬರಿಯ ಗಾಳಿ ಬಂತು.

"ಹಳೇ ಗಂಟಲು, ಮಗು."

"ನಾನು ಹಾಳು ಮಾಡಿದೆ."

ಅಯ್ಯನವರು ಇಲ್ಲ ಅನ್ನಲಿಲ್ಲ. ಅವನ ತಲೆಯ ಮೇಲಿನ ಕೈಯನ್ನೂ ತೆಗೆಯಲಿಲ್ಲ.

ಆ ರಾತ್ರಿ ದೀಪ ಸಣ್ಣದಾಯಿತು. ಶಿಷ್ಯರು ಮಲಗಿದರು. ಪದ ಶುರುವಾಗಲಿಲ್ಲ.

ಗುಂಡಯ್ಯ ಆ ಕಡೆ ಹೊರಳಿದ, ಈ ಕಡೆ ಹೊರಳಿದ. ಎದ್ದು ಕೂತ. "ನನಗೆ ಏನೋ ಆಗಿದೆ ಕಣ್ರಪ್ಪ, ನಿದ್ದೆ ಬರ್ತಿಲ್ಲ," ಅಂದ. ಬೇರೆ ಯಾರಿಗೂ ಬಂದಿರಲಿಲ್ಲ. ಒಳಗೆ ಸಾತಮ್ಮ ಕೆಮ್ಮುವುದು ಕೇಳಿಸಿತು.

ಅಯ್ಯನವರು ಕಂಬ ಬಿಟ್ಟು ಎದ್ದರು. ದ್ಯಾವಣ್ಣನ ಚಾಪೆಯ ಹತ್ತಿರ ಬಂದು, ಪಕ್ಕಕ್ಕೆ ಸರಿ ಎಂದು ಕೈ ಮಾಡಿದರು. ಅವನು ಸರಿದ. ಅವನ ಜಾಗದಲ್ಲಿ ಮಲಗಿಕೊಂಡು ಕಂಬದ ಕಡೆ ಬೆರಳು ತೋರಿಸಿದರು.

ದ್ಯಾವಣ್ಣ ಹೋಗಿ ಕಂಬಕ್ಕೆ ಒರಗಿ ಕೂತ. ಕಂಬ ಅಯ್ಯನವರ ಬೆನ್ನಿನಷ್ಟೇ ಅಗಲಕ್ಕೆ ಸವೆದು ನುಣುಪಾಗಿತ್ತು. ಅವನ ಬೆನ್ನು ಎರಡೂ ಕಡೆ ಆಚೆ ಉಳಿಯಿತು.

ಹೊಳೆಯೇ ಹೊಳೆಯೇ, ಮೆಲ್ಲಗೆ ಹರಿಯೇ...

ಅಖಾಡದಲ್ಲಿ ಕೂಗಿ ಬೆಳೆದ ದನಿ. ಅದನ್ನು ಮೆಲ್ಲಗೆ ಮಾಡುವುದಕ್ಕೆ ಅವನು ಪಟ್ಟ ಪಾಡು ಯಾವ ಕುಸ್ತಿಯಲ್ಲೂ ಪಟ್ಟಿರಲಿಲ್ಲ. ಗುಂಡಯ್ಯ ಮೊದಲ ನುಡಿಗೇ ಗೊರಕೆ ತೆಗೆದ.

ಒಂದೊಂದೇ ನುಡಿ ಹಾಡುತ್ತ ಹೋದ. ಇಡೀ ಆಶ್ರಮದಲ್ಲಿ ಅಷ್ಟು ನುಡಿ ಗೊತ್ತಿದ್ದವನು ಅವನೊಬ್ಬನೇ. ಅವು ಗೊತ್ತಾದ ಬಗೆ ನೆನೆದು ದನಿಯನ್ನು ಇನ್ನೂ ತಗ್ಗಿಸಿದ. ಬದನೆಕಾಯಿಯ ನುಡಿ ಬಂದಾಗ ನಾಚಿಕೆಯಾಗಿ ಬಿಟ್ಟು ಮುಂದೆ ಹೋದ.

ಚಾಪೆಯ ಮೇಲೆ ಅಯ್ಯನವರ ಕೈ ಎದ್ದಿತು.

"ಬದನೆಕಾಯಿ," ಅಂದರು ಉಸಿರಿನಲ್ಲಿ.

ಹಿಂದಕ್ಕೆ ಹೋಗಿ ಅದನ್ನೂ ಹಾಡಿದ. ಒಳಗಿನ ಕೆಮ್ಮು ನಿಂತಿತು.

ಆಮೇಲೆ ಎದ್ದು ಒಬ್ಬೊಬ್ಬರ ಹೆಬ್ಬೆರಳು ಮುಟ್ಟಿದ. ಎಲ್ಲ ಸಡಿಲ. ಕೊನೆಯದು ಅಯ್ಯನವರದು. ಒಣಗಿದ ಸಣ್ಣ ಬೆರಳು. ಇನ್ನೂ ಸ್ವಲ್ಪ ಬಿಗಿಯಿತ್ತು.

ಅವರ ಕಿವಿಯ ಹತ್ತಿರ ಬಾಗಿದ.

"ಅಯ್ಯನವರೇ, ಬದನೆಕಾಯಿ ನಿಮ್ಮದು. ಉಪ್ಪಿಲ್ಲದ ಸಾರೂ ನಿಮ್ಮದು. ನಿಮ್ಮ ಗುರುಗಳು ಹಾಡಿದ ಪದದ ಕೊನೆ ನುಡಿ ಯಾವುದು? ಅದೊಂದು ಹೇಳಿಬಿಡಿ. ನಿಮ್ಮ ದನಿಯ ಜೊತೆ ಅದೂ ಹೋಗೋದು ಬೇಡ."

ಅಯ್ಯನವರ ಕಣ್ಣು ಅರ್ಧ ಮುಚ್ಚಿತ್ತು. ಬೆರಳು ಅವನ ಕೈಯಲ್ಲಿ ಸಡಿಲವಾಗುತ್ತಿತ್ತು.

"ನನಗೇನು ಗೊತ್ತು ಮಗು. ಅವರು ಹಾಡ್ತಿದ್ದರು, ನಾನು ಮಲಗಿಬಿಡ್ತಿದ್ದೆ."